ಸೊಪ್ಪುಸದೆಯಿಂದಲೂ ಹೊಗೆಯಿಲ್ಲದ ಒಲೆ

ಸೌದೆ ಒಲೆಯ ಮುಂದೆ ಕುಳಿತವರ ಕಣ್ಣುರಿ, ಕೆಮ್ಮು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಕಾಯಿಲೆಯೆಂದೇ ನಾವು ಎಣಿಸುವುದಿಲ್ಲ. ಆದರೆ ಆ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಇರುತ್ತವೆ. ವರ್ಷಗಟ್ಟಲೆ ಇದನ್ನು ಉಸಿರಾಡುವ ಹೆಂಗಸರಲ್ಲಿ ಶ್ವಾಸಕೋಶದ ರೋಗ, ಕಣ್ಣಿನ ಪೊರೆ, ಎಳೆಯ ಮಕ್ಕಳಲ್ಲಿ ನ್ಯುಮೋನಿಯಾ ಹೆಚ್ಚು. ಮನೆಯೊಳಗಿನ ಹೊಗೆಗೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಮಂದಿ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಇದಕ್ಕೆ ಗೋಬರ್ ಗ್ಯಾಸ್ ಒಳ್ಳೆಯ ಪರಿಹಾರ. ಆದರೆ ಒಂದು ಕಿಲೋ ಹಸಿ ಸಗಣಿಯಿಂದ ಸಿಗುವುದು ಸುಮಾರು 40 ಲೀಟರ್ ಅನಿಲ. ಐದು ಜನರ ಅಡುಗೆಗೆ ದಿನಕ್ಕೆ 1,000ದಿಂದ 1,500 ಲೀಟರ್ ಬೇಕು. ಅಂದರೆ ಮೂರು ನಾಲ್ಕು ದನಗಳಿರಬೇಕು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ನಡೆದ ಪ್ರಯೋಗದಲ್ಲಿ ಇಡೀ ಊರಿನ ಸಗಣಿಯೂ ಎಲ್ಲರ ಅಡುಗೆಗೆ ಸಾಲಲಿಲ್ಲ. ಆಗ ಆ ಅನಿಲವನ್ನು ದೀಪಕ್ಕೂ ಕುಡಿಯುವ ನೀರಿಗೂ ಬಳಸಿದರು.

ಹಾಗಾದರೆ ದನವಿಲ್ಲದವರ ಗತಿ? ಅನಿಲ ತಯಾರಿಸುವುದು ಸಗಣಿಯಲ್ಲ, ಅದರಲ್ಲಿರುವ ಸೂಕ್ಷ್ಮಜೀವಿಗಳು. ಗಾಳಿಯಾಡದ ತೊಟ್ಟಿಯಲ್ಲಿ ಅವು ಸೊಪ್ಪು, ಕಳೆ, ತರಕಾರಿ ಸಿಪ್ಪೆ, ಹಳಸಿದ ಅನ್ನವನ್ನೂ ಕೊಳೆಸಿ ಮೀಥೇನ್ ಕೊಡುತ್ತವೆ. ತೊಡಕು ಎರಡು. ಸೊಪ್ಪು ನೀರಿನಲ್ಲಿ ತೇಲಿ ಮೇಲೆ ಕೆನೆಗಟ್ಟುತ್ತದೆ. ಹೆಚ್ಚಾಗಿ ತುಂಬಿದರೆ ತೊಟ್ಟಿ ಹುಳಿಯಾಗಿ ಅನಿಲವೇ ನಿಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಇದಕ್ಕಾಗಿ ಉದ್ದನೆಯ ತೊಟ್ಟಿ ರೂಪಿಸಿದರು. ಒಂದು ತುದಿಯಲ್ಲಿ ದಿನವೂ ಹಾಕಿದ ಸೊಪ್ಪು ಹಳೆಯದನ್ನು ಮುಂದಕ್ಕೆ ತಳ್ಳುತ್ತದೆ. ಪುಣೆಯ ‘ಆರ್ಟಿ’ ಸಂಸ್ಥೆ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಹಿಟ್ಟು, ಊಟದ ಉಳಿಕೆಯಿಂದ ಅನಿಲ ಪಡೆಯುವ ಪುಟ್ಟ ಸ್ಥಾವರವನ್ನು ರೂಪಿಸಿತು. ಅದಕ್ಕೆ 2006ರಲ್ಲಿ ಆಶ್‌ಡೆನ್ ಪ್ರಶಸ್ತಿ ಬಂದಿತು.

ನೀವು ಇಂಥ ಸ್ಥಾವರ ಹಾಕಿಸುವುದಾದರೆ ಈ ಕೆಲವು ಮಾತು ನೆನಪಿಡಿ. ಮೊಸರಿಗೆ ಹೆಪ್ಪು ಹಾಕುವಂತೆ ಮೊದಲ ಸಲ ಸಗಣಿಯ ಬಗ್ಗಡ ತುಂಬಿ, ಅನಿಲ ಉರಿಯತೊಡಗಿದ ಮೇಲೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಸ್ವಲ್ಪಸ್ವಲ್ಪವೇ ಸೇರಿಸಿ. ಕಡ್ಡಿ, ಕಟ್ಟಿಗೆ ಬೇಡ, ಅವು ಕೊಳೆಯುವುದಿಲ್ಲ. ಹುಳಿವಾಸನೆ ಬಂದರೆ ಕೆಲವು ದಿನ ಏನೂ ಹಾಕಬೇಡಿ. ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ. ಆದರೆ ಗುಂಡಿಯನ್ನು ಮುಚ್ಚಿಡಿ, ಇಲ್ಲವಾದರೆ ನೊಣ, ಸೊಳ್ಳೆಗಳ ಕಾಟ.

ಅಡುಗೆಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅನಿಲ ಸೋರುತ್ತಿದೆಯೆಂದು ತಿಳಿಯಿರಿ. ಕಡ್ಡಿ ಗೀರಬೇಡಿ, ದೀಪದ ಸ್ವಿಚ್ ಮುಟ್ಟಬೇಡಿ. ಕವಾಟ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ತೊಟ್ಟಿ ಖಾಲಿಯಾಗಿ ಕಂಡರೂ ಒಳಗೆ ಇಳಿಯಲೇಬೇಡಿ. ಅಲ್ಲಿ ಉಳಿದ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ದುರಸ್ತಿಗೆ ತಿಳಿದವರನ್ನೇ ಕರೆಸಿ.

ಇಷ್ಟು ಎಚ್ಚರ ವಹಿಸಿದರೆ ತಿಪ್ಪೆಗೆ ಹೋಗುವ ಕಸವೇ ಉರುವಲಾಗುತ್ತದೆ. ಒಲೆಗೆ ಸೌದೆ ಹಾಕುವುದು ಎಷ್ಟು ಕಡಿಮೆಯಾಗುತ್ತದೆಯೋ, ಮನೆಯ ಹೆಂಗಸರ ಮತ್ತು ಮಕ್ಕಳ ಎದೆಗೆ ಹೊಗೆಯೂ ಅಷ್ಟು ಕಡಿಮೆ.