ಪೊಟ್ಟಣದಲ್ಲಿ ‘ಬಾಸ್’, ಹೊಳೆಯಲ್ಲಿ ಕಾಳಾಂಜಿ: ಯಾವ ಗಾಳ? ಯಾವ ಎರೆ?

ಸಂಜೆ ಇಳಿತ ಶುರುವಾಗುವ ಹೊತ್ತಿಗೆ ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆ ಬದಿಯಲ್ಲಿ ಗಾಳ ಹಿಡಿದು ನಿಂತವರನ್ನು ಕಾಣುವುದು ಹೊಸತಲ್ಲ. ಹೊಸತಾಗಿರುವುದು ಅವರ ಕೈಯಲ್ಲಿರುವ ಸಾಮಾನು. ಹಿಂದೆ ಬಿದಿರಿನ ಕೋಲು, ನೈಲಾನ್ ದಾರ, ಒಂದು ಗಾಳ, ಎರೆಗೆ ಜೀವಂತ ಸಿಗಡಿ ಅಥವಾ ಎರೆಹುಳ ಇದ್ದರೆ ಸಾಕಿತ್ತು. ಈಗ ಫೈಬರ್ ಕೋಲು, ರೀಲು, ಪೆಟ್ಟಿಗೆ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು, ಹುಳ, ಕಪ್ಪೆ! ಇವಕ್ಕೆ ಎಲ್ಲರೂ ಹೇಳುವ ಹೆಸರು ಲೂರ್. ಕನ್ನಡದಲ್ಲಿ ಹೇಳುವುದಾದರೆ ಹುಸಿ ಎರೆ.

ಈ ಪೆಟ್ಟಿಗೆಯ ಅನೇಕ ಪೊಟ್ಟಣಗಳ ಮೇಲೆ ‘ಬಾಸ್’ ಎಂದು ಬರೆದಿರುತ್ತದೆ. ನಮ್ಮ ಹೊಳೆಯಲ್ಲೂ ‘ಸೀ ಬಾಸ್’ ಇದೆಯಲ್ಲ, ಇದು ಅದಕ್ಕೇ ಇರಬೇಕು ಎಂದು ಕೊಳ್ಳುವವರು ಬಹಳ. ಆದರೆ ಎರಡೂ ಒಂದೇ ಮೀನಲ್ಲ. ಈ ಗೊಂದಲದಿಂದ ದುಡ್ಡು ಮಾತ್ರ ಹೋಗುವುದಲ್ಲ, ಒಮ್ಮೊಮ್ಮೆ ಹೊಳೆಯ ತಾಯಿ ಮೀನಿನ ಜೀವವೂ ಹೋಗುತ್ತದೆ. ಹೇಗೆ ಎಂದು ತಿಳಿಯಲು ಮೊದಲು ಆ ಎರಡು ಮೀನುಗಳನ್ನು ನೋಡಬೇಕು.

ಹೆಸರು ಒಂದು, ಮೀನು ಎರಡು

ಅಮೆರಿಕದವರು ಬಾಸ್ ಎಂದಾಗ ಹೆಚ್ಚಾಗಿ ಹೇಳುವುದು ಅಲ್ಲಿನ ಕೆರೆ, ಜಲಾಶಯಗಳ ಸಿಹಿನೀರಿನ ಲಾರ್ಜ್‌ಮೌತ್ ಬಾಸ್ ಎಂಬ ಮೀನಿನ ಬಗ್ಗೆ. ಸಾಮಾನ್ಯವಾಗಿ ಗಾಳಕ್ಕೆ ಸಿಗುವುದು ಒಂದೆರಡು ಕಿಲೋದ್ದು. 1932ರಲ್ಲಿ ಜಾರ್ಜಿಯ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬವರು ಹಿಡಿದ ಸುಮಾರು 10 ಕಿಲೋದ ಮೀನು ವಿಶ್ವದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದನ್ನು ಸರಿಗಟ್ಟಿದರು.

ನಮ್ಮ ಅಳಿವೆಯ ಸೀ ಬಾಸ್ ಬೇರೆಯೇ ಕುಟುಂಬದ ಮೀನು. ಮಲಯಾಳದಲ್ಲಿ ಕಾಳಾಂಜಿ, ನರಿಮೀನು, ಕರ್ನಾಟಕದ ಕರಾವಳಿಯಲ್ಲಿ ಕುರುಡಿ, ಆಸ್ಟ್ರೇಲಿಯದಲ್ಲಿ ಬಾರಮುಂಡಿ. ಉಪ್ಪುನೀರು, ಸಿಹಿನೀರು ಎರಡರಲ್ಲೂ ಬದುಕಬಲ್ಲದು. ಹೊಳೆಯಲ್ಲಿ ಬೆಳೆದು, ಮೊಟ್ಟೆ ಇಡಲು ಉಪ್ಪಿನ ಅಂಶ ಜಾಸ್ತಿ ಇರುವ ಅಳಿವೆಗೇ ಬರಬೇಕು. 40 ಕಿಲೋ ದಾಟಿದ ಕಾಳಾಂಜಿಯೂ ದಾಖಲಾಗಿದೆ.

ಎರಡಕ್ಕೂ ಸಾಮ್ಯ ಇಲ್ಲವೆಂದಲ್ಲ. ಎರಡೂ ಹೊಂಚು ಹಾಕುವ ಮೀನುಗಳೇ. ಕಾಳಾಂಜಿ ಕಾಂಡ್ಲಾ ಗಿಡಗಳ ಬೇರು, ಸೇತುವೆಯ ಕಂಬ, ಬಂಡೆಯ ಮರೆಯಲ್ಲಿ ನಿಂತು, ನೀರಿನ ಸೆಳೆತದಲ್ಲಿ ಬರುವ ಸಿಗಡಿ, ಸಣ್ಣ ಮೀನನ್ನು ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದಲೇ ಅಮೆರಿಕದ ಬಾಸ್‌ಗೆಂದು ಮಾಡಿದ ಹುಸಿ ಎರೆಗೆ ಇದೂ ಮೋಸ ಹೋಗುತ್ತದೆ. ಎರೆ ಒಪ್ಪುತ್ತದೆ, ಗಾಳ ಒಪ್ಪುವುದಿಲ್ಲ. ಕೊಳ್ಳುವವರು ನೆನಪಿಡಬೇಕಾದ ಮೊದಲ ಮಾತು ಇದು.

ಪ್ಲಾಸ್ಟಿಕ್ ಹುಳದ ಕಥೆ

ಮೆದು ಪ್ಲಾಸ್ಟಿಕ್ ಎರೆ ಹುಟ್ಟಿದ್ದು ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ. 1949ರಲ್ಲಿ ನಿಕ್ ಕ್ರೀಮ್ ಎಂಬವರು ಎರೆಹುಳದ ಅಚ್ಚು ಮಾಡಿ, ಅದಕ್ಕೆ ಮೆದು ಪ್ಲಾಸ್ಟಿಕ್ ಎರಕ ಹೊಯ್ದರು. ಅದಕ್ಕೂ ಮೊದಲು ಮರದ ಎರೆಗಳದ್ದೇ ಕಾಲ. ಫಿನ್ಲೆಂಡಿನ ಬೆಸ್ತ ಲೌರಿ ರಾಪಲಾ 1936ರಲ್ಲಿ ಕೈಯಾರೆ ಕೆತ್ತಿದ, ಪೆಟ್ಟು ತಿಂದ ಮೀನಿನಂತೆ ಓಲಾಡುವ ಎರೆ ಇಂದಿಗೂ ಅವರ ಹೆಸರಲ್ಲೇ ಮಾರಾಟವಾಗುತ್ತಿದೆ.

ಮರದ್ದಿರಲಿ, ಪ್ಲಾಸ್ಟಿಕ್ಕಿನದ್ದಿರಲಿ, ತತ್ವ ಒಂದೇ. ಮೀನು ಎರೆಯ ಅಂದ ನೋಡುವುದಿಲ್ಲ, ಅದರ ಚಲನೆ ನೋಡುತ್ತದೆ. ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗುವುದು ಮೀನಿಗಿಂತ ಹೆಚ್ಚಾಗಿ ಮನುಷ್ಯ!

ಮೆದು ಎರೆ ಆರಿಸುವುದು ಹೇಗೆ?

ಅಳಿವೆಗೆ ಮೂರು ಬಗೆಯ ಮೆದು ಎರೆ ಸಾಕಾಗುತ್ತದೆ.

ಮೊದಲನೆಯದು, ಬಾಲದ ತುದಿ ಹುಟ್ಟಿನಂತೆ ಅಗಲವಾಗಿರುವ ಮೀನು. ಎಳೆದಾಗ ಬಾಲ ಪಟಪಟ ಬಡಿದು ನೀರಿನಲ್ಲಿ ಕಂಪನ ಎಬ್ಬಿಸುತ್ತದೆ. ನೀರು ಕದಡಿದಾಗಲೂ ಕಾಳಾಂಜಿಗೆ ಇದು ಗೊತ್ತಾಗುತ್ತದೆ. ಹೊಸಬರು ಇದರಿಂದಲೇ ಶುರುಮಾಡುವುದು ಲೇಸು.

ಎರಡನೆಯದು, ಬಾಲ ಕುಡಿಯಂತೆ ಸುರುಳಿ ಸುತ್ತಿರುವುದು. ನಿಧಾನವಾಗಿ ಎಳೆದರೂ ಆಡುತ್ತದೆ. ನೀರಿನ ಸೆಳೆತ ಕಡಿಮೆ ಇರುವಾಗ ಒಳ್ಳೆಯದು.

ಮೂರನೆಯದು, ಸಿಗಡಿಯ ರೂಪದ್ದು. ಇದನ್ನು ತಳಕ್ಕೆ ಬಿಟ್ಟು, ಕೋಲಿನ ತುದಿಯನ್ನು ಸ್ವಲ್ಪ ಎತ್ತಿ, ಮತ್ತೆ ಇಳಿಯಲು ಬಿಡಬೇಕು. ಹೆಚ್ಚಿನ ಸಲ ಮೀನು ಕಚ್ಚುವುದು ಎರೆ ಇಳಿಯುವಾಗಲೇ. ಆದ್ದರಿಂದ ಇಳಿಯುವಾಗಲೂ ದಾರ ಸಡಿಲವಾಗಿ ಜೋತು ಬೀಳದಂತೆ ನೋಡಿಕೊಳ್ಳಬೇಕು.

ಉದ್ದ 3ರಿಂದ 5 ಇಂಚು ಇದ್ದರೆ ಸಾಕು. ಪ್ಲಾಸ್ಟಿಕ್ ಕಪ್ಪೆ ಬೇರೆ ಕೆಲಸದ್ದು. ಅದು ಜೊಂಡು, ತಾವರೆ ತುಂಬಿದ ಕೆರೆ, ಗದ್ದೆ ತೋಡುಗಳಲ್ಲಿ ವರಾಲ್ ಮೀನಿಗೆ ಹೇಳಿಸಿದ್ದು.

ಬಣ್ಣದ ವಿಚಾರ ಸರಳ. ನೀರು ತಿಳಿಯಾಗಿದ್ದರೆ ನಿಜವಾದ ಮೀನು, ಸಿಗಡಿಯನ್ನು ಹೋಲುವ ಮಾಸಲು, ಅರೆಪಾರದರ್ಶಕ ಬಣ್ಣ. ಮಳೆಗೆ ಕೆಂಪಾದ ನೀರಿನಲ್ಲಿ ಎದ್ದು ಕಾಣುವ ಹಳದಿ-ಹಸಿರು, ಚಿನ್ನದ ಬಣ್ಣ. ರಾತ್ರಿಗೆ ಕಪ್ಪು, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಮಂದ ಬೆಳಕಿನ ಎದುರು ಕಪ್ಪು ಆಕಾರವೇ ಸ್ಪಷ್ಟವಾಗಿ ಕಾಣುತ್ತದೆ.

ಮೆದು ಎರೆ ಜೋಪಾನ ಮಾಡುವುದಕ್ಕೂ ಒಂದು ಕ್ರಮ ಇದೆ. ಎಲ್ಲ ಕಂಪೆನಿಗಳ ಪ್ಲಾಸ್ಟಿಕ್ ಒಂದೇ ತರದ್ದಲ್ಲ. ಸಾಮಾನ್ಯ ಪಿವಿಸಿ ಎರೆಯನ್ನೂ ರಬ್ಬರಿನಂತೆ ಬಹಳ ಎಳೆದರೂ ಹರಿಯದ ಎರೆಯನ್ನೂ ಒಟ್ಟಿಗೆ ಇಟ್ಟರೆ, ಒಂದಕ್ಕೊಂದು ತಾಗಿ ಕರಗಿ ಅಂಟಂಟಾಗಿ ಮುದ್ದೆಯಾಗುತ್ತವೆ. ತಂದ ಪೊಟ್ಟಣದಲ್ಲೇ ಇಡುವುದು ಕ್ಷೇಮ.

ಸೀಸದ ತಲೆ ಎಷ್ಟು ಭಾರ?

ಮೆದು ಎರೆಗೆ ತೂಕ ಕೊಡುವುದು ಜಿಗ್ ಹೆಡ್, ಅಂದರೆ ಸೀಸದ ತಲೆ ಇರುವ ಗಾಳ. ಇಲ್ಲಿ ಹೊಸಬರು ಮಾಡುವ ತಪ್ಪು ಭಾರದ್ದನ್ನೇ ಆರಿಸುವುದು. ಭಾರವಾದದ್ದು ದೂರ ಹೋಗುತ್ತದೆ ನಿಜ, ಆದರೆ ಕಲ್ಲಿನ ಹಾಗೆ ತಳಕ್ಕಿಳಿದು ಬೇರಿಗೆ ಸಿಕ್ಕಿಬೀಳುತ್ತದೆ. ಸೆಳೆತದಲ್ಲೂ ತಳ ಮುಟ್ಟುವಷ್ಟು ಭಾರ ಬೇಕು, ಅದಕ್ಕಿಂತ ಜಾಸ್ತಿ ಬೇಡ. ಆಳ ಕಡಿಮೆ ಇರುವಲ್ಲಿ 5ರಿಂದ 7 ಗ್ರಾಂ, ಸೆಳೆತ ಇರುವ ಆಳದ ನೀರಿಗೆ 10ರಿಂದ 20 ಗ್ರಾಂ. ಉಬ್ಬರ ಇಳಿತದ ಪ್ರಕಾರ ನೀರಿನ ಓಟ ಬದಲಾಗುವುದರಿಂದ ಎರಡು ಮೂರು ತೂಕದ್ದು ಕೈಯಲ್ಲಿರಬೇಕು.

ಕಾಂಡ್ಲಾ ಬೇರಿನ ನಡುವೆ ಹಾಕುವುದಾದರೆ ಟೆಕ್ಸಾಸ್ ರಿಗ್ ಎಂಬ ಉಪಾಯ ಇದೆ. ಕೊರಳಿನಲ್ಲಿ ಬಾಗು ಇರುವ ಗಾಳವನ್ನು ಎರೆಯ ತಲೆಯಿಂದ ತೂರಿಸಿ ಹೊರತೆಗೆದು, ತಿರುಗಿಸಿ, ಮೊನೆಯನ್ನು ಎರೆಯ ಮೈಯೊಳಗೇ ಅಡಗಿಸುವುದು. ಮೊನೆ ಹೊರಗೆ ಕಾಣದ್ದರಿಂದ ಬೇರಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಮೀನು ಕಚ್ಚಿದಾಗ ಮೆದು ಪ್ಲಾಸ್ಟಿಕ್ ಅಮುಕಿ ಮೊನೆ ಹೊರಬರುತ್ತದೆ.

ಗಾಳದ ಲೆಕ್ಕ

ಗಾಳದ ಸಂಖ್ಯೆ ಹಲವರನ್ನು ಗೊಂದಲಕ್ಕೆ ಸಿಲುಕಿಸುತ್ತದೆ. 10, 8, 6, 4, 2, 1 ಎಂಬ ಕ್ರಮದಲ್ಲಿ ಸಂಖ್ಯೆ ಇಳಿದಂತೆ ಗಾಳ ದೊಡ್ಡದಾಗುತ್ತದೆ. ಅಲ್ಲಿಂದ ಮುಂದೆ 1/0, 2/0, 3/0 ಎಂದು ಸಂಖ್ಯೆ ಏರಿದಂತೆ ಗಾಳವೂ ದೊಡ್ಡದಾಗುತ್ತದೆ. 3 ಇಂಚಿನ ಮೆದು ಎರೆಗೆ 2/0 ಅಥವಾ 3/0, 4-5 ಇಂಚಿನದ್ದಕ್ಕೆ 4/0 ಅಥವಾ 5/0 ಹೊಂದುತ್ತದೆ. ಎರೆ ಏರಿಸಿದ ಮೇಲೂ ಮೊನೆಗೂ ಎರೆಯ ಬೆನ್ನಿಗೂ ನಡುವೆ ಸಾಕಷ್ಟು ಜಾಗ ಉಳಿಯಬೇಕು. ಇಲ್ಲದಿದ್ದರೆ ಮೀನು ಕಚ್ಚಿದರೂ ಗಾಳ ನೆಡುವುದಿಲ್ಲ.

ಸಂಖ್ಯೆಗಿಂತ ಮುಖ್ಯವಾದುದು ತಂತಿಯ ದಪ್ಪ. ಸಿಹಿನೀರಿನ ಬಾಸ್‌ಗೆಂದು ಮಾಡಿದ ಗಾಳಗಳ ತಂತಿ ಹೆಚ್ಚಾಗಿ ತೆಳು. ಕಾಳಾಂಜಿ ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ, ನೀರಿನಿಂದ ಹೊರಕ್ಕೆ ನೆಗೆದು ತಲೆ ಕೊಡವುತ್ತದೆ. ಆ ಎಳೆತಕ್ಕೆ ತೆಳು ಗಾಳ ನೆಟ್ಟಗಾಗಿಬಿಡುತ್ತದೆ. ಉಪ್ಪುನೀರಿನಲ್ಲಿ ಬೇಗ ತುಕ್ಕೂ ಹಿಡಿಯುತ್ತದೆ. ಕೊಳ್ಳುವಾಗ ಉಪ್ಪುನೀರಿಗೆಂದೇ ಮಾಡಿದ ದಪ್ಪ ತಂತಿಯ ಗಾಳ ಕೇಳಬೇಕು.

ಗಟ್ಟಿ ಪ್ಲಾಸ್ಟಿಕ್ ಮೀನುಗಳಲ್ಲಿ ಮೂರು ಮೊನೆಯ ಟ್ರೆಬಲ್ ಗಾಳ ಎರಡು ಅಥವಾ ಮೂರು ಕಡೆ ನೇತಾಡುತ್ತಿರುತ್ತದೆ. ಅದನ್ನು ತೆಗೆದು, ಗಟ್ಟಿಯಾದ ಒಂಟಿ ಗಾಳ ಹಾಕಿಕೊಳ್ಳಬಹುದು. ಎರೆಯ ಓಲಾಟ ಕೆಡದಂತೆ ಹಳೆಯದರ ತೂಕಕ್ಕೆ ಹತ್ತಿರವಾದದ್ದನ್ನೇ ಆರಿಸಬೇಕು.

ದಾರದ ಮಾತೂ ಇದರೊಂದಿಗೇ ಸೇರಿದ್ದು. ಕಾಳಾಂಜಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಬಾಯಿಯ ಒಳಗು ಉಪ್ಪು ಕಾಗದದಷ್ಟು ಒರಟು. ಹೆಣೆದ ಬ್ರೇಡ್ ದಾರ 20-30 ಪೌಂಡಿನದ್ದಾದರೆ, ಅದರ ತುದಿಗೆ ಒಂದು ಮೀಟರಿನಷ್ಟು 40 ಪೌಂಡ್ ಅಥವಾ ಅದಕ್ಕಿಂತ ದಪ್ಪದ ನೈಲಾನ್ ಇಲ್ಲವೇ ಫ್ಲೋರೋಕಾರ್ಬನ್ ದಾರ ಕಟ್ಟಬೇಕು. ಇಲ್ಲದಿದ್ದರೆ ದಾರ ತುಂಡಾಗಿ, ಬಾಯಲ್ಲಿ ಗಾಳ ಸಿಕ್ಕಿಸಿಕೊಂಡ ಮೀನು ನೀರಿನಡಿ ಮರೆಯಾಗುತ್ತದೆ.

ದೊಡ್ಡದೆಲ್ಲ ಹೆಣ್ಣು

ಇಷ್ಟೆಲ್ಲ ಎಚ್ಚರ ಯಾಕೆ ಎಂದರೆ ಕಾಳಾಂಜಿಯ ಜೀವನವೇ ವಿಚಿತ್ರ. ಈ ಮೀನುಗಳಲ್ಲಿ ಬಹುಪಾಲು ಮೊದಲು ಗಂಡಾಗಿ ಬಲಿಯುತ್ತವೆ. ಕೆಲವು ವರ್ಷ ಗಂಡಾಗಿದ್ದು, ಸಾಮಾನ್ಯವಾಗಿ 80 ಸೆಂಟಿಮೀಟರ್ ದಾಟಿದ ಮೇಲೆ ಹೆಣ್ಣಾಗಿ ಮಾರ್ಪಡುತ್ತವೆ. ಹೀಗಾಗಿ ಹೊಳೆಯಲ್ಲಿರುವ ದೊಡ್ಡ ಕಾಳಾಂಜಿ ಬಹುತೇಕ ಹೆಣ್ಣೇ. ಒಂದು ದೊಡ್ಡ ಹೆಣ್ಣು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಅಂತಹ ನಾಲ್ಕು ಮೀನು ಹೋದರೆ ಮುಂದಿನ ತಲೆಮಾರಿಗೆ ಅಷ್ಟೇ ಪೆಟ್ಟು.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯ ಈ ಕಾರಣಕ್ಕಾಗಿಯೇ ಎರಡು ಮಿತಿ ಹಾಕಿದೆ. 58 ಸೆಂಟಿಮೀಟರಿಗಿಂತ ಸಣ್ಣದನ್ನೂ ಇಟ್ಟುಕೊಳ್ಳುವಂತಿಲ್ಲ, 120 ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಬಾಸ್ ಪಂದ್ಯಗಳನ್ನು ಜನಪ್ರಿಯಗೊಳಿಸಿದ ರೇ ಸ್ಕಾಟ್ 1972ರಲ್ಲೇ ಹಿಡಿದ ಮೀನನ್ನು ಜೀವಂತ ಬಿಡುವ ಪದ್ಧತಿ ತಂದರು. ಲೂರ್ ಜತೆಗೆ ಆ ಪಾಠವೂ ಇಲ್ಲಿಗೆ ಬಂದರೆ ಒಳ್ಳೆಯದಲ್ಲವೇ?

ಆದರೆ ಬಿಡಬೇಕೆಂದರೆ ಮೀನು ಬದುಕಿರಬೇಕು. ಅದು ನಿರ್ಧಾರವಾಗುವುದು ಗಾಳ ಆರಿಸುವಾಗಲೇ. ಮೂರು ಮೊನೆಯ ಗಾಳ ಬಾಯಿ, ಕಿವಿರು, ಕಣ್ಣು ಎಂದು ನಾಲ್ಕು ಕಡೆ ಚುಚ್ಚುತ್ತದೆ. ಒಂಟಿ ಗಾಳ ಒಂದೇ ಕಡೆ. ಮೊನೆಯ ಹಿಂದೆ ತಿರುಗಿ ನಿಂತ ಸಣ್ಣ ಮುಳ್ಳನ್ನು ಇಕ್ಕುಳದಿಂದ ಅಮುಕಿ ಚಪ್ಪಟೆ ಮಾಡಿದರೆ ಗಾಳ ಸಲೀಸಾಗಿ ಹೊರಬರುತ್ತದೆ. ದಾರ ಬಿಗಿಯಾಗಿದ್ದರೆ ಮುಳ್ಳಿಲ್ಲದೆಯೂ ಮೀನು ಸುಲಭಕ್ಕೆ ಜಾರುವುದಿಲ್ಲ. ಇದರಿಂದ ಮನುಷ್ಯರಿಗೂ ಉಪಕಾರ ಇದೆ. ಬೆರಳಿಗೆ ನೆಟ್ಟ ಗಾಳ ತೆಗೆಸಿಕೊಳ್ಳಲು ಆಸ್ಪತ್ರೆಗೆ ಓಡಿದವರಿಗೆ ಅದು ಗೊತ್ತು.

ಜೀವಂತ ಸಿಗಡಿಯನ್ನೇ ಎರೆಯಾಗಿ ಬಳಸುವವರಿಗೆ ಸರ್ಕಲ್ ಗಾಳ ಉತ್ತಮ. ಅದರ ಮೊನೆ ಒಳಮುಖವಾಗಿ ಬಾಗಿರುತ್ತದೆ. ಮೀನು ಎರೆ ನುಂಗಿ ತಿರುಗಿದಾಗ ಗಾಳ ಜಾರಿ ಬಂದು ಬಾಯಿಯ ಮೂಲೆಯಲ್ಲಿ ನೆಡುತ್ತದೆ. ಹೊಟ್ಟೆಯೊಳಗೆ ಸಿಕ್ಕುವುದು ಅಪರೂಪ. ಆದರೆ ಕೋಲನ್ನು ಜಗ್ಗಿ ಎಳೆಯಬಾರದು, ಸುಮ್ಮನೆ ರೀಲು ಸುತ್ತಿ ಬಿಗಿ ಮಾಡಿದರೆ ಸಾಕು.

ಗಾಳ ಒಳಗೆ ಹೋಗಿಬಿಟ್ಟಿದ್ದರೆ ಕೆದಕಿ ತೆಗೆಯುವುದಕ್ಕಿಂತ ದಾರ ಕತ್ತರಿಸಿ ಬಿಡುವುದೇ ಮೀನಿಗೆ ಹಿತ. ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು. ದೊಡ್ಡದನ್ನು ದವಡೆ ಹಿಡಿದು ನೇತಾಡಿಸದೆ ಹೊಟ್ಟೆಯ ಅಡಿಗೂ ಕೈ ಕೊಡಬೇಕು. ಫೋಟೋ ತೆಗೆಯುವುದಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ ಮೀನು ಎತ್ತಬೇಕೇ ಹೊರತು ಮೀನು ಎತ್ತಿ ಕ್ಯಾಮೆರಾ ಹುಡುಕುವುದಲ್ಲ.

ಹೊಳೆಗೆ ಬಿಡಬಾರದ್ದು

ಹರಿದ ಮೆದು ಎರೆಯನ್ನು ಹೊಳೆಗೇ ಎಸೆಯುವ ಅಭ್ಯಾಸ ಕೆಟ್ಟದ್ದು. ಈ ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಮೀನು ಅದನ್ನು ನುಂಗಿದರೆ ಜೀರ್ಣವೂ ಆಗುವುದಿಲ್ಲ. ತುಂಡು ದಾರ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಸೀಸ ವಿಷ. ಹಂಸಗಳು ಸೀಸದ ಗುಂಡು ನುಂಗಿ ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲೇ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟ ನಿಷೇಧಿಸಿತು. ಟಂಗ್‌ಸ್ಟನ್ ತಲೆ ಸಿಕ್ಕಿದರೆ, ಬೆಲೆ ಜಾಸ್ತಿಯಾದರೂ, ಅದು ಮೇಲು.

ಮೊದಲ ಸಲ ಕೊಳ್ಳುವವರಿಗೆ ಇಷ್ಟು ಸಾಕು: 3 ಮತ್ತು 4 ಇಂಚಿನ ಹುಟ್ಟುಬಾಲದ ಮೀನು ಎರಡು ಬಣ್ಣದಲ್ಲಿ, ಸಿಗಡಿ ರೂಪದ ಒಂದು ಪೊಟ್ಟಣ, ಮೂರು ತೂಕದ ಗಟ್ಟಿ ಜಿಗ್ ಹೆಡ್, ತೇಲುವ ಗಟ್ಟಿ ಮೀನು ಒಂದು, ಉಪ್ಪುನೀರಿನ ಒಂಟಿ ಗಾಳ ಕೆಲವು, ಮತ್ತು ತಪ್ಪದೆ ಒಂದು ಇಕ್ಕುಳ. ಪೆಟ್ಟಿಗೆ ತುಂಬಿಸುವುದು ಆಮೇಲೂ ಆದೀತು.

ಊಟಕ್ಕೆ ಒಂದು ಹದವಾದ ಮೀನು ಮನೆಗೆ ಒಯ್ದರೆ ಯಾರ ಆಕ್ಷೇಪವೂ ಇಲ್ಲ. ತೋಳುದ್ದದ ಕಾಳಾಂಜಿ ಸಿಕ್ಕಿದ ದಿನ ಮಾತ್ರ ಅದು ಹೊಳೆಯ ತಾಯಿ ಎಂಬುದು ನೆನಪಾಗಲಿ. ಇಕ್ಕುಳ ಕೈಯಲ್ಲಿರಲಿ, ಗಾಳದಲ್ಲಿ ಮುಳ್ಳಿಲ್ಲದಿರಲಿ. ಆಗ ಅದನ್ನು ಬಿಡುವುದು ಹಿಡಿಯುವುದಕ್ಕಿಂತ ಸುಲಭ.