ನಾಲ್ಕು ಚಕ್ರ ಚಾಲನೆಯ ಟ್ರಾಕ್ಟರ್‌ಗೆ ಸರಿಯಾದ ಗೇರ್ ಎಣ್ಣೆಯ ಆಯ್ಕೆ

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಹಾಗೂ ಕಾರಂಜಾ ಜಲಾಶಯದ ಸುತ್ತಲಿನ ಗ್ರಾಮಗಳಲ್ಲಿ ಒಂದೇ ಟ್ರಾಕ್ಟರ್ ಬೇಸಿಗೆಯಲ್ಲಿ ಪಲ್ಟಿ ನೇಗಿಲು ಎಳೆಯುತ್ತದೆ, ಮುಂಗಾರಿನಲ್ಲಿ ಸೋಯಾಬೀನ್ ಮತ್ತು ತೊಗರಿಯ ಬಿತ್ತನೆಗೆ ನಿಲ್ಲುತ್ತದೆ, ಚಳಿಗಾಲದಲ್ಲಿ ಕಬ್ಬಿನ ಟ್ರಾಲಿಯನ್ನು ಕಾರ್ಖಾನೆಗೆ ಒಯ್ಯುತ್ತದೆ. ಹಸಿ ಕಪ್ಪು ಮಣ್ಣಿನಲ್ಲಿ ಹಿಂದಿನ ಚಕ್ರಗಳು ಜಾರುವುದರಿಂದ ನಾಲ್ಕು ಚಕ್ರ ಚಾಲನೆಯ ಟ್ರಾಕ್ಟರ್ ಇಲ್ಲಿ ಉಪಯುಕ್ತ. ಆದರೆ ಅದರ ಎಲ್ಲ ಭಾಗಗಳಿಗೂ ಒಂದೇ ಡಬ್ಬಿಯಿಂದ ‘90 ಆಯಿಲ್’ ಸುರಿಯುವ ರೂಢಿ ಹಾನಿಕರ. ಈ ತಪ್ಪಿನಿಂದ ಗೇರುಗಳು ಸವೆಯುವುದಷ್ಟೇ ಅಲ್ಲ, ತುಂಬಿದ ಟ್ರಾಲಿ ಇಳಿಜಾರಿನಲ್ಲಿರುವಾಗ ಬ್ರೇಕ್ ಹಿಡಿಯದೇ ಹೋಗಬಹುದು.

ಈ ರೂಢಿ ಬಂದದ್ದು ಎಲ್ಲಿಂದ?

ಹಳೆಯ ಮಾದರಿಯ ಅನೇಕ ಟ್ರಾಕ್ಟರ್‌ಗಳಲ್ಲಿ ಬ್ರೇಕ್‌ಗಳು ಎಣ್ಣೆಯ ಸಂಪರ್ಕವಿಲ್ಲದ ಒಣ ಬ್ರೇಕ್‌ಗಳಾಗಿದ್ದವು. ಗೇರ್‌ಬಾಕ್ಸ್‌ನ ಎಣ್ಣೆ ಮುಖ್ಯವಾಗಿ ಗೇರುಗಳನ್ನು ಕಾಯಬೇಕಿತ್ತು. ಅದಕ್ಕೆ ಎಸ್‌ಎಇ 90 ಸಾಕಾಗುತ್ತಿತ್ತು. ಇಂದಿನ ಬಹುತೇಕ ಟ್ರಾಕ್ಟರ್‌ಗಳಲ್ಲಿ ಬ್ರೇಕ್ ತಟ್ಟೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಗೇರ್‌ಬಾಕ್ಸ್, ಹಿಂದಿನ ಡಿಫರೆನ್ಷಿಯಲ್, ಬ್ರೇಕ್ ಮತ್ತು ಹೈಡ್ರಾಲಿಕ್ ಲಿಫ್ಟ್‌ಗೆ ಹಲವು ಮಾದರಿಗಳಲ್ಲಿ ಒಂದೇ ಕೋಣೆಯ ಎಣ್ಣೆ. ನಾಲ್ಕು ಚಕ್ರ ಚಾಲನೆಯಲ್ಲಿ ಇದರ ಜೊತೆಗೆ ಮುಂದಿನ ಅಚ್ಚಿನ ಡಿಫರೆನ್ಷಿಯಲ್ ಹಾಗೂ ಚಕ್ರದ ಹಬ್‌ನ ಗೇರುಗಳೂ ಸೇರುತ್ತವೆ.

ಡಬ್ಬಿಯ ಮೇಲಿನ ಬರಹವನ್ನು ಓದುವ ಬಗೆ

1. ಎಸ್‌ಎಇ ಸಂಖ್ಯೆ: ಇದು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಮಂದತೆಯನ್ನು ತಿಳಿಸುತ್ತದೆ, ಗುಣಮಟ್ಟವನ್ನಲ್ಲ. ಎಂಜಿನ್ ಎಣ್ಣೆಗೂ ಗೇರ್ ಎಣ್ಣೆಗೂ ಅಳತೆಯ ಪಟ್ಟಿ ಬೇರೆ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸ್‌ಎಇ 90 ಗೇರ್ ಎಣ್ಣೆಯ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್ ಇದ್ದರೆ, ಎಸ್‌ಎಇ 40 ಎಂಜಿನ್ ಎಣ್ಣೆಯದು 12.5ರಿಂದ 16.3. ಆದ್ದರಿಂದ 90 ಎಂಬುದು 40ರ ಎರಡರಷ್ಟು ಮಂದವೆಂದು ಭಾವಿಸಬಾರದು. 80ಡಬ್ಲ್ಯೂ-90 ಎಂದಿದ್ದರೆ 80ಡಬ್ಲ್ಯೂ ಎಂಬುದು ಚಳಿಯಲ್ಲಿನ ಹರಿವನ್ನು ಸೂಚಿಸುತ್ತದೆ. ಅದರ ಪರೀಕ್ಷೆ ನಡೆಯುವುದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ. ಬೀದರಿನ ಚಳಿಗೆ ಇದು ಬೇಕಾದಷ್ಟಾಯಿತು. ಅದಕ್ಕಿಂತ ತೆಳುವಾದ ದುಬಾರಿ ಎಣ್ಣೆಯನ್ನು ಚಳಿಯ ಕಾರಣಕ್ಕಾಗಿ ಕೊಳ್ಳಬೇಕಾಗಿಲ್ಲ.

2. ಎಪಿಐ ದರ್ಜೆ: ಜಿಎಲ್-4 ಮತ್ತು ಜಿಎಲ್-5 ಎಂಬುವು ಗೇರು ಹಲ್ಲುಗಳ ಮೇಲಿನ ಒತ್ತಡಕ್ಕೆ ತಕ್ಕಂತೆ ಸೇರಿಸಿದ ರಾಸಾಯನಿಕಗಳನ್ನು ಸೂಚಿಸುತ್ತವೆ. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಹಲ್ಲುಗಳು ಒಂದರ ಮೇಲೊಂದು ಬಲವಾಗಿ ಉಜ್ಜುವ ಅಚ್ಚುಗಳಿಗೆ ಇದು ಬೇಕು. ಆದರೆ ಹಿತ್ತಾಳೆ ಅಥವಾ ಕಂಚಿನ ಸಿಂಕ್ರೊ ಉಂಗುರಗಳಿರುವ ಗೇರ್‌ಬಾಕ್ಸ್‌ಗೆ ಇದು ಹೊಂದದೇ ಇರಬಹುದು. ಹೀಗಾಗಿ ‘5 ದೊಡ್ಡದು, ಆದ್ದರಿಂದ ಉತ್ತಮ’ ಎಂಬ ಲೆಕ್ಕ ಸರಿಯಲ್ಲ.

3. ಯುಟಿಟಿಒ: ಗೇರು, ಹೈಡ್ರಾಲಿಕ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಈ ಮೂರಕ್ಕೂ ತಯಾರಿಸಿದ ಎಣ್ಣೆಯಿದು. ಅಂಗಡಿಗಳಲ್ಲಿ ಇದನ್ನು ‘ವೆಟ್ ಬ್ರೇಕ್ ಆಯಿಲ್’ ಎನ್ನುವರು. ಬ್ರೇಕ್ ತಟ್ಟೆಗಳು ಜಾರದೆ, ಅದುರದೆ ಹಿಡಿಯುವಷ್ಟು ಘರ್ಷಣೆಯನ್ನು ಇದು ಉಳಿಸುತ್ತದೆ.

ಯಾವ ಕೋಣೆಗೆ ಯಾವ ಎಣ್ಣೆ?

• ಹಿಂಭಾಗದ ಸಾಮೂಹಿಕ ಕೋಣೆ: ಮುಳುಗಿದ ಬ್ರೇಕ್ ಇದ್ದರೆ ಕೈಪಿಡಿಯಲ್ಲಿ ಹೇಳಿದ ಯುಟಿಟಿಒ ಮಾತ್ರ ಹಾಕಿರಿ. ಸಾಧಾರಣ 90 ಎಣ್ಣೆ ಹಾಕಿದರೆ ಬ್ರೇಕ್ ಕಿರುಗುಟ್ಟುತ್ತದೆ, ಜಾರುತ್ತದೆ. ಚಳಿಯ ಮುಂಜಾನೆ ಮಂದ ಎಣ್ಣೆಯನ್ನು ಹೀರಲಾಗದೆ ಹೈಡ್ರಾಲಿಕ್ ಪಂಪ್ ಸದ್ದು ಮಾಡುತ್ತದೆ.

• ಮುಂದಿನ ಅಚ್ಚು: ಮಾದರಿಗೆ ತಕ್ಕಂತೆ ಜಿಎಲ್-4, ಜಿಎಲ್-5 ಅಥವಾ ಯುಟಿಟಿಒ ಇರಬಹುದು. ಕೆಲವು ಅಚ್ಚುಗಳಲ್ಲಿ ಡಿಫರೆನ್ಷಿಯಲ್ ಮತ್ತು ಎರಡು ಹಬ್‌ಗಳಿಗೆ ಪ್ರತ್ಯೇಕ ಕೋಣೆಗಳಿರುತ್ತವೆ. ನಡುವಿನದನ್ನು ತುಂಬಿ ಹಬ್‌ಗಳನ್ನು ಮರೆಯುವುದು ಸಾಮಾನ್ಯ ತಪ್ಪು.

• ಜೀಪು, ಪಿಕ್‌ಅಪ್: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಅಚ್ಚುಗಳಿಗೆ ಬೇರೆ ಬೇರೆ ಎಣ್ಣೆ ಬೇಕಾಗಬಹುದು. ಟ್ರಾಕ್ಟರ್‌ನ ಉಳಿದ ಎಣ್ಣೆಯನ್ನು ಇವಕ್ಕೆ ಸುರಿಯಬೇಡಿ.

ಕೈಪಿಡಿ ಕಳೆದುಹೋಗಿದ್ದರೆ ಮಾದರಿ ಮತ್ತು ಚಾಸಿಸ್ ಸಂಖ್ಯೆಯನ್ನು ಬರೆದುಕೊಂಡು ಅಧಿಕೃತ ಮಾರಾಟಗಾರರಿಂದ ಖಚಿತಪಡಿಸಿಕೊಳ್ಳಿರಿ.

ಪರೀಕ್ಷೆ ಮತ್ತು ಬದಲಾವಣೆ

ಟ್ರಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಣ್ಣೆ ಕೆಳಗಿಳಿದ ಮೇಲೆ ಮಟ್ಟವನ್ನು ನೋಡಿರಿ. ಹೊಸ ಟ್ರಾಕ್ಟರ್‌ನ ಮೊದಲ ಬದಲಾವಣೆ ಬೇಗನೆ ಬರುತ್ತದೆ. ಗೇರುಗಳು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಎಣ್ಣೆಯಲ್ಲಿರುವುದರಿಂದ ಅದನ್ನು ಮುಂದೂಡಬಾರದು. ಮುಂದಿನ ಬದಲಾವಣೆಗಳನ್ನು ಗಂಟೆಯ ಮೀಟರ್ ನೋಡಿ ಮಾಡಿರಿ.

ಹಳೆಯ ಎಣ್ಣೆಯನ್ನು ಇಳಿಸುವಾಗ ಅದನ್ನು ಗಮನಿಸಿರಿ. ಹಾಲಿನ ಬಣ್ಣವಿದ್ದರೆ ನೀರು ಸೇರಿದೆ ಎಂದರ್ಥ. ಕೆಸರಿನಲ್ಲಿ ದುಡಿದ ಮುಂದಿನ ಅಚ್ಚಿನಲ್ಲಿ ಸೀಲ್ ಸವೆದಾಗ ಅಥವಾ ಗಾಳಿಯಾಡುವ ಬ್ರೀದರ್ ಕಟ್ಟಿದಾಗ ಹೀಗಾಗುತ್ತದೆ. ಎಣ್ಣೆಯನ್ನಷ್ಟೇ ಬದಲಿಸಿ ಸೀಲನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ. ಡ್ರೈನ್ ಬೋಲ್ಟ್‌ನ ಅಯಸ್ಕಾಂತದಲ್ಲಿ ನುಣುಪಾದ ಪುಡಿ ಇರುವುದು ಸಹಜ. ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಿರಿ.

ತಪ್ಪು ಎಣ್ಣೆ ಹಾಕಿದ್ದು ತಿಳಿದ ಕೂಡಲೇ ಟ್ರಾಕ್ಟರನ್ನು ಓಡಿಸಬೇಡಿ. ‘ಅರ್ಧ ಇಳಿಸಿ ಸರಿಯಾದದ್ದನ್ನು ಬೆರೆಸುವುದು’ ಪರಿಹಾರವಲ್ಲ. ಪೂರ್ಣವಾಗಿ ಇಳಿಸಿ, ಫಿಲ್ಟರ್ ಬದಲಿಸಿ, ಸರಿಯಾದ ಎಣ್ಣೆ ತುಂಬಿಸಿ, ಖಾಲಿ ಜಾಗದಲ್ಲಿ ಬ್ರೇಕ್ ಪರೀಕ್ಷಿಸಿದ ನಂತರವೇ ಟ್ರಾಲಿ ಜೋಡಿಸಿರಿ.

ಒಣ ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರಗಳ ಚಾಲನೆಯನ್ನು ತಪ್ಪಿಸಿರಿ. ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ಅಲ್ಪ ವ್ಯತ್ಯಾಸವನ್ನು ಹೊಲದ ಮಣ್ಣು ತಾಳಿಕೊಳ್ಳುತ್ತದೆ. ಡಾಂಬರಿನಲ್ಲಿ ಆ ಒತ್ತಡವೆಲ್ಲ ಗೇರುಗಳ ಮೇಲೆಯೇ ಬೀಳುತ್ತದೆ. ಎಷ್ಟೇ ಉತ್ತಮ ಎಣ್ಣೆಯಿದ್ದರೂ ಆ ಸವೆತ ನಿಲ್ಲದು.

ಬಳಸಿದ ಎಣ್ಣೆಯನ್ನು ಬದುವಿಗೆ, ಹಳ್ಳಕ್ಕೆ ಅಥವಾ ಬಾವಿಯ ಬಳಿ ಚೆಲ್ಲಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಮರುಬಳಕೆಗೆ ಕಳುಹಿಸುವ ಸೇವಾ ಕೇಂದ್ರಕ್ಕೆ ನೀಡಿರಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ: ಕಬ್ಬು ಸಾಗಣೆ ಆರಂಭವಾಗುವ ಮುನ್ನ ರೈತರ ಸಭೆಗಳಲ್ಲಿ ಈ ವಿಷಯವನ್ನು ತಿಳಿಸಿರಿ. ಪ್ರತಿಯೊಂದು ಕೋಣೆಯ ಎಣ್ಣೆಯ ಹೆಸರು, ಪ್ರಮಾಣ ಮತ್ತು ಬದಲಿಸಿದ ಗಂಟೆಯನ್ನು ಟ್ರಾಕ್ಟರ್‌ನ ಮಡ್‌ಗಾರ್ಡ್ ಒಳಭಾಗದಲ್ಲಿ ಬಣ್ಣದಿಂದ ಬರೆಯಿಸಿರಿ. ಬಾಡಿಗೆಗೆ ಒಯ್ದ ಚಾಲಕನೂ ಆಗ ತಪ್ಪು ಡಬ್ಬಿಯನ್ನು ತೆರೆಯಲಾರನು.