ಕಳ್ಳಸಾರಾಯಿ: ಗಂಟೆಗಳ ಲೆಕ್ಕ, ಮನೆಯ ಲೆಕ್ಕ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ವೈದ್ಯನಲ್ಲ, ವಕೀಲನೂ ಅಲ್ಲ. ಆದರೂ ಕಳ್ಳಸಾರಾಯಿಯ ವಿಷಯವಾಗಿ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದು ಕುಳಿತಿದ್ದೇನೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

2008ರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ, ನಮ್ಮ ಬೀದಿಯ ಗಾರೆ ಕೆಲಸದವನ ಹೆಂಡತಿ ಬಾಗಿಲಿಗೆ ಬಂದಳು. "ಅಣ್ಣಾ, ನಮ್ಮೆಜಮಾನ್ರು ರಾತ್ರಿ ಕುಡ್ಕೊಂಡ್ ಬಂದ್ರು. ಈಗ ಹೊಟ್ಟೆನೋವು ಅಂತಾರೆ, ಕಣ್ಣು ಮಂಜಾಗೈತೆ ಅಂತಾರೆ" ಎಂದಳು. ನಾನು ಗಡಿಯಾರ ನೋಡಿದೆ. "ಕುಡಿದ ಮತ್ತು ಇನ್ನೂ ಇಳಿದಿಲ್ಲಮ್ಮ. ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕೊಡು, ಮಲಗಲಿ" ಎಂದು ಹೇಳಿ ಹೊರಟುಹೋದೆ. ಬೀದಿಯಲ್ಲಿ ಓದುಬರಹ ಬಲ್ಲವನೆಂದು ಆಕೆ ನನ್ನನ್ನು ಕೇಳಿದ್ದಳು. ನಾನು ಹೇಳಿದಂತೆಯೇ ಮಾಡಿದಳು. ಸಂಜೆ ನಾನು ಬರುವ ಹೊತ್ತಿಗೆ ಅವನನ್ನು ಆಸ್ಪತ್ರೆಗೆ ಸೇರಿಸಿದ್ದರು. ಜೀವ ಉಳಿಯಿತು. ಎರಡು ಕಣ್ಣೂ ಹೋದವು.

ಆ ವಾರ ಬೆಂಗಳೂರು, ಕೋಲಾರ ಜಿಲ್ಲೆ ಮತ್ತು ನಮ್ಮ ಕೃಷ್ಣಗಿರಿ ಜಿಲ್ಲೆ ಸೇರಿ 150ಕ್ಕೂ ಹೆಚ್ಚು ಜನ ವಿಷಸಾರಾಯಿಯಿಂದ ಸತ್ತರು. ಕೂಲಿಯವರೇ ಬಹಳ ಮಂದಿ. ನಾನು ಅಂದು ಬೆಳಿಗ್ಗೆಯೇ "ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು" ಎಂದಿದ್ದರೆ ಅವನ ದೃಷ್ಟಿ ಉಳಿಯುತ್ತಿತ್ತೋ ಏನೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ಆಮೇಲೆ ನಾನು ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಕುಡಿಯುವ ಮದ್ಯದಲ್ಲಿ ಇರುವುದು ಎಥನಾಲ್ ಎಂಬ ದ್ರವ. ಬೆಲ್ಲವನ್ನೋ ಕಾಕಂಬಿಯನ್ನೋ ಹುಳಿಯಿಟ್ಟು ಭಟ್ಟಿ ಇಳಿಸಿದರೆ ಬರುವುದು ಮುಖ್ಯವಾಗಿ ಇದೇ. ಇದಕ್ಕೆ ಮೆಥನಾಲ್ ಎಂಬ ಇನ್ನೊಂದು ದ್ರವ ದಾಯಾದಿಯಂತೆ ಇದೆ. ಬಣ್ಣ, ವಾರ್ನಿಷ್, ತಿನ್ನರ್, ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಇದನ್ನು ಪೀಪಾಯಿಗಟ್ಟಲೆ ಬಳಸುತ್ತಾರೆ. ನೋಡಲು ನೀರಿನಂತೆ, ವಾಸನೆಯೂ ಮತ್ತೂ ಹೆಚ್ಚುಕಡಿಮೆ ಮದ್ಯದಂತೆಯೇ. ಬೆಲೆ ಅಗ್ಗ, ಮದ್ಯದ ತೆರಿಗೆ ಇದಕ್ಕಿಲ್ಲ. ಕಳ್ಳತನದಲ್ಲಿ ಹೊರಬಿದ್ದ ಒಂದು ಪೀಪಾಯಿಗೆ ನೀರು ಬೆರೆಸಿದರೆ ಸಾವಿರಾರು ಜನಕ್ಕೆ ಮಾರಬಹುದು. ಊರೂರೇ ಸಾಯುವಂಥ ದುರಂತಗಳ ಹಿಂದೆ ಬಹುಮಟ್ಟಿಗೆ ಇರುವುದು ಹಳ್ಳಿಯ ಮಡಕೆಯ ಭಟ್ಟಿಯಲ್ಲ, ಕಾರ್ಖಾನೆಯ ಈ ದ್ರವ.

ಮೆಥನಾಲ್ ಹೊಟ್ಟೆಗೆ ಹೋದ ಕೂಡಲೇ ಕೊಲ್ಲುವುದಿಲ್ಲ. ಮೋಸ ಇರುವುದು ಅಲ್ಲಿಯೇ. ನಮ್ಮ ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಇರುವೆ ಕಚ್ಚಿದಾಗ ಉರಿಯುವುದಲ್ಲ, ಕೆಲವು ಜಾತಿಯ ಇರುವೆಗಳ ಆ ವಿಷದಲ್ಲಿ ಇರುವುದೂ ಇದೇ ಆಮ್ಲ. ಇದು ರಕ್ತವನ್ನು ಹುಳಿಯಾಗಿಸುತ್ತದೆ, ಕಣ್ಣಿನ ನರವನ್ನು ಸುಡುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಜೊತೆಗೆ ಒಳ್ಳೆಯ ಮದ್ಯವನ್ನೂ ಕುಡಿದಿದ್ದರೆ ಇನ್ನೂ ತಡವಾಗಬಹುದು. ಆದ್ದರಿಂದ ಕುಡಿದವನು ರಾತ್ರಿ ಊಟ ಮಾಡಿ ಮಲಗುತ್ತಾನೆ, ಬೆಳಿಗ್ಗೆ ಏಳುವಾಗ ತೊಂದರೆ ಶುರುವಾಗುತ್ತದೆ. "ನಿನ್ನೆ ಕುಡಿದಾಗ ಏನೂ ಆಗಲಿಲ್ಲವಲ್ಲ" ಎಂದು ಅವನೂ ನಂಬುತ್ತಾನೆ, ಮನೆಯವರೂ ನಂಬುತ್ತಾರೆ. ನಾನೂ ನಂಬಿದ್ದೆ.

ಹತ್ತು ಮಿಲಿಲೀಟರ್, ಅಂದರೆ ಎರಡು ಟೀ ಚಮಚೆಯಷ್ಟು ಶುದ್ಧ ಮೆಥನಾಲ್ ಕಣ್ಣು ತೆಗೆಯಲು ಸಾಕು. ಮೂವತ್ತು ಮಿಲಿಲೀಟರ್‌ನಿಂದ ಪ್ರಾಣ ಹೋಗಬಹುದು. ಬೆಂಕಿ ಹಚ್ಚಿ ಉರಿಯ ಬಣ್ಣ ನೋಡುತ್ತೇನೆ, ಅಂಗೈಗೆ ಹಾಕಿ ಉಜ್ಜಿ ನೋಡುತ್ತೇನೆ, ನಾಲಿಗೆಯ ಮೇಲೆ ಇಟ್ಟು ಹೇಳುತ್ತೇನೆ ಎನ್ನುವವರ ಮಾತನ್ನು ನಂಬಬೇಡಿ. ಪ್ರಯೋಗಶಾಲೆಯಲ್ಲದೆ ಬೇರೆಲ್ಲೂ ಇದನ್ನು ಖಚಿತವಾಗಿ ಗುರುತಿಸಲಾಗುವುದಿಲ್ಲ.

ಗಮನಿಸಬೇಕಾದ ಲಕ್ಷಣಗಳು ಇವು. ಹೊಟ್ಟೆನೋವು, ವಾಂತಿ, ತಲೆನೋವು, ತಲೆಸುತ್ತು. ಕಣ್ಣು ಮಂಜಾಗುವುದು, ಎದುರಿಗೆ ಬಿಳಿ ಪರದೆ ಕಟ್ಟಿದಂತೆ ಕಾಣುವುದು, ಬೆಳಕು ಚುಚ್ಚುವುದು. ಉಸಿರು ಜೋರಾಗಿ, ಆಳವಾಗಿ ಎಳೆಯುವುದು. ಹಿಂದಿನ ದಿನ ಕುಡಿದವನಿಗೆ ಕಣ್ಣು ಮಂಜಾಗಿದೆಯೆಂದರೆ ಅದು ಮತ್ತಲ್ಲ, ವಿಷ. ಮಜ್ಜಿಗೆ ಬೇಡ, ನಿಂಬೆಹಣ್ಣು ಬೇಡ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. 108ಕ್ಕೆ ಫೋನು ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಅಲ್ಲಿ "ಕಳ್ಳಸಾರಾಯಿ ಕುಡಿದಿದ್ದಾರೆ, ಇಷ್ಟು ಹೊತ್ತಿಗೆ ಕುಡಿದರು" ಎಂದು ಬಾಯಿಬಿಟ್ಟು ಹೇಳಿ. ಮರ್ಯಾದೆಗೆ ಅಂಜಿ "ಊಟದಲ್ಲಿ ಏನೋ ಆಯಿತು" ಎಂದರೆ ಸರಿಯಾದ ಚಿಕಿತ್ಸೆ ಆರಂಭವಾಗುವುದು ತಡವಾಗುತ್ತದೆ.

ಚಿಕಿತ್ಸೆ ಉಂಟು. ಮೆಥನಾಲ್ ಆಮ್ಲವಾಗುವುದನ್ನು ತಡೆಯಲು ಫೊಮೆಪಿಜೋಲ್ ಎಂಬ ಔಷಧಿ ಇದೆ. ಅದು ಸಿಗದ ಕಡೆ ವೈದ್ಯರು ಅಳತೆಯಿಟ್ಟು ಶುದ್ಧ ಎಥನಾಲ್ ಕೊಡುತ್ತಾರೆ. ರಕ್ತದ ಹುಳಿಯನ್ನು ಇಳಿಸಲು ಸೋಡಿಯಂ ಬೈಕಾರ್ಬನೇಟ್ ಕೊಡುತ್ತಾರೆ, ಡಯಾಲಿಸಿಸ್ ಮಾಡಿ ವಿಷವನ್ನು ಹೊರಗೆ ತೆಗೆಯುತ್ತಾರೆ. ಎಥನಾಲ್ ಮದ್ದು ಎಂದು ಕೇಳಿ ಯಾರೂ ಮನೆಯಲ್ಲಿ ಇನ್ನೊಂದು ಲೋಟ ಕುಡಿಸಬಾರದು. ಅದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾ ಕೊಡುವ ಮದ್ದು. ಜೊತೆಯಲ್ಲಿ ಕುಡಿದ ಉಳಿದವರು ಚೆನ್ನಾಗಿರುವಂತೆ ಕಂಡರೂ ಅವರನ್ನೂ ಕರೆದೊಯ್ಯಿರಿ. ಅವರ ಗಂಟೆ ಇನ್ನೂ ಬಂದಿಲ್ಲ, ಅಷ್ಟೆ.

ಇಷ್ಟು ಗಂಟೆಗಳ ಲೆಕ್ಕವಾಯಿತು. ಈ ವಿಷ ನಮ್ಮ ಗಡಿಯ ಊರುಗಳಿಗೆ ಏಕೆ ಬರುತ್ತದೆ ಎಂಬುದನ್ನು ಈಗ ನೋಡೋಣ.

ಮದ್ಯದ ವಿಷಯದಲ್ಲಿ ನಮ್ಮ ನೆಲಕ್ಕೆ ಹಳೆಯ ಚರಿತ್ರೆಯಿದೆ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನಿಯಾದಾಗ, 1937ರ ಅಕ್ಟೋಬರ್ 1ರಂದು ಮೊದಲು ಪಾನನಿರೋಧ ತಂದದ್ದು ಸೇಲಂ ಜಿಲ್ಲೆಯಲ್ಲಿ. ಹೊಸೂರು, ಕೃಷ್ಣಗಿರಿ ಆಗ ಸೇಲಂ ಜಿಲ್ಲೆಗೇ ಸೇರಿದ್ದವು. ಮದ್ಯದಿಂದ ಬರುತ್ತಿದ್ದ ವರಮಾನ ಕೈಬಿಟ್ಟಾಗ ಅದನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ತಂದರು. ಆಮೇಲೆ ನೀತಿ ಹಲವು ಸಲ ಬದಲಾಯಿತು. 1971ರಲ್ಲಿ ಪಾನನಿರೋಧ ಸಡಿಲವಾಯಿತು, ಮತ್ತೆ ಬಂತು, ಮತ್ತೆ ಹೋಯಿತು. 1983ರಲ್ಲಿ ಹುಟ್ಟಿದ ಟಾಸ್ಮಾಕ್ 2003ರಿಂದ ಚಿಲ್ಲರೆ ಅಂಗಡಿಗಳನ್ನೂ ತಾನೇ ನಡೆಸುತ್ತಿದೆ. 2023-24ರಲ್ಲಿ ಅದರಿಂದ ಸರ್ಕಾರಕ್ಕೆ ಬಂದ ವರಮಾನ 45,000 ಕೋಟಿ ರೂಪಾಯಿಗೂ ಹೆಚ್ಚು.

ಆಚೆ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಬಡವನ ಪ್ಯಾಕೆಟ್ ಸಾರಾಯಿ ಹೋಯಿತು, ಅವನ ಚಟ ಹೋಗಲಿಲ್ಲ. ಅಂಗಡಿಯ ಬಾಟಲಿಗೆ ಅವನ ಕೂಲಿ ಸಾಲದು. ಆ ಸಂದಿಯಲ್ಲಿ ಕಳ್ಳ ವ್ಯಾಪಾರ ನುಗ್ಗಿತು. ವರ್ಷ ತುಂಬುವ ಮೊದಲೇ ಮೇ ತಿಂಗಳ ದುರಂತವಾಯಿತು. ಬೆಂಗಳೂರಿಗೆ ಇದು ಹೊಸದೇನಲ್ಲ. 1981ರಲ್ಲಿಯೂ ಅಲ್ಲಿ ಇದೇ ರೀತಿ 300ಕ್ಕೂ ಹೆಚ್ಚು ಜನ ಸತ್ತಿದ್ದರು. ನಮ್ಮ ರಾಜ್ಯದಲ್ಲಿ 2023ರ ಮೇ ತಿಂಗಳಲ್ಲಿ ಮರಕ್ಕಾಣಂ ಮತ್ತು ಚೆಂಗಲ್ಪಟ್ಟು ಕಡೆ 20ಕ್ಕೂ ಹೆಚ್ಚು ಜನ, 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಹೋದರು. ಕಳ್ಳಕುರಿಚಿಯಲ್ಲಿ ಸರ್ಕಾರದ ಅಂಗಡಿಗಳೂ ಇದ್ದವು, ಕಳ್ಳಸಾರಾಯಿಯೂ ಇತ್ತು. ಹೀಗಾಗಿ ಅಂಗಡಿ ಮುಚ್ಚಿದರೆ ಸಾಕು ಎಂದಾಗಲಿ, ತೆರೆದರೆ ಸಾಕು ಎಂದಾಗಲಿ ಹೇಳಿ ಮುಗಿಸುವಂತಿಲ್ಲ.

ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ನಮಗೆ ಗಡಿ ಎಂಬುದು ನಕ್ಷೆಯ ಗೆರೆ ಮಾತ್ರ. ಹೆಣ್ಣು ಕೊಡುವುದು, ತರುವುದು, ಸಂತೆ, ಕೂಲಿ ಎಲ್ಲವೂ ಎರಡೂ ಕಡೆ. ಕಳ್ಳ ಸರಕೂ ಹಾಗೆಯೇ ಓಡಾಡುತ್ತದೆ. ಆದರೆ ಪೊಲೀಸರ ಅಧಿಕಾರ ಆ ಗೆರೆಯಲ್ಲಿ ಬದಲಾಗುತ್ತದೆ. ಆದ್ದರಿಂದ ಆಚೆ ಕಡೆ ಒಂದು ಸಾವಿನ ಸುದ್ದಿ ಬಂದರೆ "ಅದು ಕರ್ನಾಟಕದ ವಿಷಯ" ಎಂದು ಸುಮ್ಮನಿರಬಾರದು. ಆಚೆಯ ನೆಂಟರಿಂದ ಬಂದ ಸುದ್ದಿಯನ್ನು ಈಚೆ ಕಡೆ ಅದೇ ದಿನ ಸಾರಿ ಹೇಳುವುದೂ ಜೀವ ಉಳಿಸುವ ಕೆಲಸವೇ.

ಇನ್ನು ಮನೆಯ ಲೆಕ್ಕ. ಇದು ನನ್ನ ಕಸುಬಿನ ವಿಷಯ. ದಿನಕ್ಕೆ 150 ರೂಪಾಯಿ ಕುಡಿಯುವವನು ತಿಂಗಳಿಗೆ 4,500, ವರ್ಷಕ್ಕೆ 54,000 ರೂಪಾಯಿ ಕುಡಿಯುತ್ತಾನೆ. ಹಣ ಸಾಲದಾದಾಗ ಮೊದಲು ಮಗಳ ಓಲೆ ಗಿರವಿಗೆ ಬರುತ್ತದೆ, ಆಮೇಲೆ ಹೆಂಡತಿಯ ತಾಳಿಯ ಗುಂಡು. ಕೌಂಟರಿನ ಆಚೆ ನಿಂತ ಹೆಂಗಸಿನ ಬರಿಯ ಕಿವಿ ನೋಡಿಯೇ ಮನೆಯ ಸ್ಥಿತಿ ನಮಗೆ ತಿಳಿಯುತ್ತಿತ್ತು. ಬ್ಯಾಂಕಿನಲ್ಲಿ ಇಡಲು ಚಿನ್ನ ಉಳಿಯದಾದಾಗ ಕೈಸಾಲ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ನೂರಕ್ಕೆ ನೂರಿಪ್ಪತ್ತು. ಇಂಥ ಬಡ್ಡಿಯನ್ನು ತಡೆಯಲು ತಮಿಳುನಾಡಿನಲ್ಲಿ 2003ರಿಂದಲೇ ಕಾನೂನು ಇದೆ. ಆದರೂ ಸಾಲ ಕೊಟ್ಟವನ ಹೆದರಿಕೆಗೆ ದೂರು ಕೊಡುವವರು ಕಡಿಮೆ. ಹೊಡೆತ, ಜಗಳ, ಮಕ್ಕಳ ಓದು ನಿಲ್ಲುವುದು, ಎಲ್ಲವೂ ಈ ಲೆಕ್ಕದ ಹಿಂದೆಯೇ ಬರುತ್ತವೆ.

ಹಾಗಾದರೆ ತಡೆಯುವುದು ಹೇಗೆ? ಮೊದಲನೆಯದು ಮೂಲದಲ್ಲಿ. ತಮಿಳುನಾಡಿನಲ್ಲಿ ಮೆಥನಾಲ್ ಮತ್ತು ವಾರ್ನಿಷ್ ಕುರಿತು 1959ರ ನಿಯಮಗಳಿವೆ. ಬ್ಯಾಂಕಿನಲ್ಲಿ ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುವಂತಿರಲಿಲ್ಲ. ಪೀಪಾಯಿಗಳ ಲೆಕ್ಕವೂ ಹಾಗೆ ಪ್ರತಿದಿನ ತಾಳೆಯಾಗಬೇಕು. ಕಳ್ಳಕುರಿಚಿಯ ಬಳಿಕ 2024ರಲ್ಲಿ ಕಾನೂನನ್ನು ತಿದ್ದಿ, ಸಾವಿಗೆ ಕಾರಣವಾದ ಸಾರಾಯಿ ಮಾರಿದವರಿಗೆ ಜೀವಾವಧಿ ಶಿಕ್ಷೆಯವರೆಗೆ ವಿಧಿಸುವಂತೆ ಮಾಡಿದ್ದಾರೆ.

ಎರಡನೆಯದು ಊರಿನಲ್ಲಿ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂಡಿದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಯ ವಿರುದ್ಧ ನಿಂತರು. ಅದು ಜಿಲ್ಲೆಯೆಲ್ಲ ಹಬ್ಬಿ, 1993ರಲ್ಲಿ ರಾಜ್ಯದಲ್ಲಿಯೇ ಸಾರಾಯಿ ನಿಂತಿತು. ನಮ್ಮ ಕಡೆಯೂ ಅಂಥ ಬಲ ಉಂಟು. ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ 1989ರಲ್ಲಿ ಮೊದಲು ಆರಂಭವಾದದ್ದು ಧರ್ಮಪುರಿ ಜಿಲ್ಲೆಯಲ್ಲಿ. ಕೃಷ್ಣಗಿರಿ ಆಗ ಅದರ ಭಾಗ, 2004ರಲ್ಲಷ್ಟೇ ಬೇರೆ ಜಿಲ್ಲೆಯಾಯಿತು. ಹನಿ ಹನಿಗೂಡಿದರೆ ಹಳ್ಳ. ಆ ಸಂಘದಲ್ಲಿ ಸಾಲ, ಉಳಿತಾಯದ ಮಾತಿನ ಜೊತೆ "ಎಲ್ಲಿ ಮಾರುತ್ತಾರೆ" ಎಂಬ ಮಾತೂ ಬರಲಿ. ಒಬ್ಬಳೇ ಹೋಗಿ ದೂರು ಕೊಟ್ಟರೆ ಬೆದರಿಕೆ ಬರಬಹುದು. ಇಪ್ಪತ್ತು ಜನ ಸಹಿ ಮಾಡಿ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿದರೆ, ಸೋಮವಾರ ಕೃಷ್ಣಗಿರಿಯ ಕಲೆಕ್ಟರ್ ಕಚೇರಿಯ ಕುಂದುಕೊರತೆ ದಿನದಲ್ಲಿ ಕೊಟ್ಟರೆ ಅದಕ್ಕೆ ತೂಕವಿರುತ್ತದೆ. ತುರ್ತಿಗೆ 112 ಇದ್ದೇ ಇದೆ.

ಮೂರನೆಯದು ಕುಡಿಯುವವನ ವಿಷಯ. ಅವನನ್ನು ಬೈದು, ಕಟ್ಟಿಹಾಕಿ ಬಿಡಿಸಲಾಗುವುದಿಲ್ಲ. ಚಟ ಒಂದು ಕಾಯಿಲೆ. ಬಹಳ ವರ್ಷ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ವೈದ್ಯರ ಸಹಾಯದಿಂದಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಅಲ್ಲಿ ನಮ್ಮ ಕನ್ನಡದಲ್ಲಿಯೇ ಮಾತನಾಡಬಹುದು. 14446 ಎಂಬ ಸಂಖ್ಯೆಗೆ ಫೋನು ಮಾಡಿದರೆ ವ್ಯಸನ ಬಿಡುವ ಬಗ್ಗೆ ಉಚಿತವಾಗಿ ಸಲಹೆ ಕೊಡುತ್ತಾರೆ.

ನಮ್ಮ ಬೀದಿಯ ಆ ಗಾರೆ ಕೆಲಸದವನು ಈಗಲೂ ಮನೆಯ ಜಗಲಿಯ ಮೇಲೆ ಕುಳಿತಿರುತ್ತಾನೆ. ಅವನ ಹೆಂಡತಿ ಸಂಘ ಸೇರಿ, ಎರಡು ಹಸು ಕಟ್ಟಿ, ಸಾಲ ತೀರಿಸಿ ಮಕ್ಕಳನ್ನು ಓದಿಸಿದಳು. ಆ ಬೆಳಗಿನ ಮಾತನ್ನು ಆಕೆ ಒಂದು ದಿನವೂ ಎತ್ತಲಿಲ್ಲ. ನಾನು ಹಾದುಹೋದರೆ ಅವನು ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ, "ಚೆನ್ನಾಗಿದ್ದೀರಾ ಸಾರ್?" ಎಂದು ಕೇಳುತ್ತಾನೆ.

ನಿಮ್ಮ ಬಾಗಿಲಿಗೂ ಒಂದು ಬೆಳಿಗ್ಗೆ ಯಾರಾದರೂ ಬಂದು "ಕಣ್ಣು ಮಂಜಾಗೈತೆ ಅಂತಾರೆ" ಎನ್ನಬಹುದು. ಆಗ ಗಡಿಯಾರ ನೋಡಿ ಹೊರಟುಹೋಗಬೇಡಿ. ಅವರ ಜೊತೆ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ, ನೆರೆಯಲ್ಲಿ ಕನ್ನಡ ಓದಲು ಬಾರದವರಿದ್ದರೆ ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.